ಚ್ಯಾಷ್ಟಿಗೆ ಕಾನೂನು ಕೊಟ್ಟ ಹೆಸರು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಾತಿನಲ್ಲಿ ‘ಚ್ಯಾಷ್ಟಿ’ ಎಂಬ ಪದದ ವ್ಯಾಪ್ತಿ ದೊಡ್ಡದು. ಮೊಮ್ಮಗ ಅಜ್ಜನ ಮೀಸೆ ಎಳೆದರೆ ಅದೂ ಚ್ಯಾಷ್ಟಿ, ಗೆಳೆಯರು ಒಬ್ಬರನ್ನೊಬ್ಬರು ಅಣಕಿಸಿದರೆ ಅದೂ ಚ್ಯಾಷ್ಟಿ. ಬಸ್ ಸ್ಟ್ಯಾಂಡಿನಿಂದ ಕಾಲೇಜಿನ ಗೇಟಿನವರೆಗೆ ಹುಡುಗಿಯೊಬ್ಬಳ ಹಿಂದೆ ದಿನವೂ ನಡೆದು, ಅವಳ ಮೈಕಟ್ಟಿನ ಬಗ್ಗೆ ಮಾತು ಎಸೆಯುವವನ ಕೆಲಸಕ್ಕೂ ಬಹುಕಾಲ ಇದೇ ಹೆಸರಿತ್ತು. ತುಸು ಗಂಭೀರವಾದರೆ ‘ಕಾಡಸತಾನ’ ಎನ್ನುತ್ತಿದ್ದರು. ಪತ್ರಿಕೆಗಳು ‘ಈವ್ ಟೀಸಿಂಗ್’ ಎಂಬ ಇಂಗ್ಲಿಷ್ ಮಾತಿಗೆ ‘ಚುಡಾವಣೆ’ ಎಂಬ ಪದವನ್ನು ರೂಢಿಗೆ ತಂದವು. ಕನ್ನಡವಿರಲಿ, ಇಂಗ್ಲಿಷಿರಲಿ, ಈ ಪದಗಳೆಲ್ಲವೂ ನಡೆದದ್ದು ಆಟವೆಂಬಂತೆ ಹೇಳುತ್ತವೆ.

ಆಟವೆಂದ ಮೇಲೆ ದೂರಿಗೆ ಜಾಗವೆಲ್ಲಿ? ಸುದ್ದಿ ಮನೆಗೆ ಮುಟ್ಟಿದರೆ ಮೊದಲ ಪ್ರಶ್ನೆ ಹುಡುಗಿಗೇ ಬೀಳುತ್ತದೆ: ‘ನೀ ಯಾಕ ಆ ಹಾದೀಲೆ ಹೋದಿ?’ ಅದರ ಮುಂದಿನ ಹೆಜ್ಜೆ ಸಾಲಿ ಬಿಡಿಸುವುದು, ಆಮೇಲಿನದು ವರ ಹುಡುಕುವುದು. 2011ರ ಜನಗಣತಿಯಲ್ಲಿ ಅಂದಿನ ಬಿಜಾಪುರ ಜಿಲ್ಲೆಯ ಪುರುಷರ ಸಾಕ್ಷರತೆ ಶೇಕಡ 77 ಇದ್ದರೆ ಮಹಿಳೆಯರದು ಶೇಕಡ 57ರಷ್ಟೇ ಇತ್ತು. ಇಡೀ ರಾಜ್ಯದ ಮಹಿಳಾ ಸಾಕ್ಷರತೆ ಆಗ ಶೇಕಡ 68. ಈ ಅಂತರಕ್ಕೆ ಬಡತನ, ಗುಳೆ, ಬಾಲ್ಯವಿವಾಹ, ದೂರದ ಹೈಸ್ಕೂಲು ಎಲ್ಲವೂ ಕಾರಣ. ಆದರೆ ಚ್ಯಾಷ್ಟಿಗೆ ಹೆದರಿ ಓದು ಬಿಟ್ಟವಳು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ‘ಮನಿಯಾಗ ಕೆಲಸ ಐತ್ರಿ’ ಎಂದು ಹೇಳಿ ಅಪ್ಪ ವರ್ಗಾವಣೆ ಪತ್ರ ಒಯ್ಯುತ್ತಾನೆ, ಅಷ್ಟೆ.

ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ವಿದ್ಯಾರ್ಥಿಗಳಿಗೆ ಪಾಠ ಹೇಳುವುದೆಂದರೆ ಮೊದಲು ಈ ಹೆಸರನ್ನು ಬದಲಿಸುವುದು. ಹೆಸರು ಬದಲಾಗಲು ಕಾನೂನಿಗೇ ಒಂದೂವರೆ ಶತಮಾನ ಹಿಡಿಯಿತು.

ಬಿಜಾಪುರ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1860ರಲ್ಲಿ, ಭಾರತೀಯ ದಂಡ ಸಂಹಿತೆ ರೂಪುಗೊಂಡಿತು. ಅದರ 354 ಮತ್ತು 509ನೇ ಕಲಮುಗಳು ಹೆಣ್ಣಿನ ‘ಮಾನ’ಕ್ಕೆ ಧಕ್ಕೆ ತರುವುದನ್ನು ಅಪರಾಧವೆಂದವು. ಅವಳಿಗೆ ಏನು ಬೇಡವಾಗಿತ್ತು ಎಂಬುದಕ್ಕಿಂತ ಅವಳ ಮಾನ ಎಂಥದು, ಅವನ ಉದ್ದೇಶವೇನಿತ್ತು ಎಂಬ ಮಾತೇ ಮುಂದೆ ಬರುತ್ತಿತ್ತು. ಜೊತೆಗೆ 95ನೇ ಕಲಮು ಬೇರೆ. ಸಾಮಾನ್ಯ ತಿಳಿವಳಿಕೆಯವರು ದೂರಲಾರದಷ್ಟು ಅಲ್ಪ ಹಾನಿ ಅಪರಾಧವಲ್ಲ ಎಂದು ಅದು ಹೇಳುತ್ತಿತ್ತು. 1988ರಲ್ಲಿ ಚಂಡೀಗಢದ ಔತಣಕೂಟವೊಂದರಲ್ಲಿ ಪಂಜಾಬಿನ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ತಮ್ಮೊಡನೆ ಅಸಭ್ಯವಾಗಿ ವರ್ತಿಸಿದರೆಂದು ಐ.ಎ.ಎಸ್. ಅಧಿಕಾರಿ ರೂಪನ್ ದೇವಲ್ ಬಜಾಜ್ ದೂರಿತ್ತಾಗ ಹೈಕೋರ್ಟು ಆ ಪ್ರಕರಣವನ್ನೇ ರದ್ದು ಮಾಡಿತು. ಇದು ಕ್ಷುಲ್ಲಕವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಮರುವರ್ಷ ಗಿಲ್ ತಪ್ಪಿತಸ್ಥರೆಂದು ತೀರ್ಪಾಯಿತು. ಹಿರಿಯ ಅಧಿಕಾರಿಯ ಪಾಡೇ ಹೀಗಾದರೆ ಮುದ್ದೇಬಿಹಾಳದ ಪಿ.ಯು. ವಿದ್ಯಾರ್ಥಿನಿ ಯಾವ ಧೈರ್ಯದಿಂದ ಠಾಣೆಯ ಮೆಟ್ಟಿಲು ಹತ್ತಬೇಕಿತ್ತು?

‘ಲೈಂಗಿಕ ಕಿರುಕುಳ’ ಎಂಬುದಕ್ಕೆ ಮೂಲವಾದ ಇಂಗ್ಲಿಷ್ ಮಾತಿಗೆ ಚಲಾವಣೆ ಸಿಕ್ಕಿದ್ದು ಒಂದು ವಿಶ್ವವಿದ್ಯಾಲಯದ ಊರಿನಲ್ಲಿ ಎಂಬುದು ಗಮನಾರ್ಹ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನೌಕರಳೊಬ್ಬಳು ಮೇಲಧಿಕಾರಿಯ ಕಾಟ ತಾಳದೆ ಕೆಲಸ ಬಿಟ್ಟಳು. ಅವಳ ಪರವಾಗಿ 1975ರಲ್ಲಿ ಇಥಾಕಾ ಪಟ್ಟಣದಲ್ಲಿ ಸೇರಿದ ಹೆಂಗಸರು ತಮಗೆ ಆಗುತ್ತಿರುವುದಕ್ಕೆ ಹೆಸರೇ ಇಲ್ಲವೆಂದು ಕಂಡು ಈ ಮಾತನ್ನು ಬಳಸತೊಡಗಿದರು. 1977ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಅಧ್ಯಾಪಕರ ಕಿರುಕುಳವೂ ಶಿಕ್ಷಣದಲ್ಲಿನ ತಾರತಮ್ಯವೇ ಎಂದು ಮೊಕದ್ದಮೆ ಹೂಡಿದರು. ವೈಯಕ್ತಿಕವಾಗಿ ಅವರಿಗೆ ಗೆಲುವು ಸಿಗಲಿಲ್ಲ. ಆದರೆ ವಾದ ಉಳಿಯಿತು, ಕಾಲೇಜುಗಳು ದೂರು ಕೇಳುವ ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು.

ಭಾರತದಲ್ಲಿ ಈ ಕಥೆ ಹಳ್ಳಿಯಿಂದ ಶುರುವಾಯಿತು. ರಾಜಸ್ಥಾನದ ಭಟೇರಿಯಲ್ಲಿ ಸರ್ಕಾರದ ಮಹಿಳಾ ಕಾರ್ಯಕ್ರಮದ ‘ಸಾಥಿನ್’ ಆಗಿದ್ದ ಭಂವರಿ ದೇವಿ 1992ರಲ್ಲಿ ಕೂಸೊಂದರ ಮದುವೆ ತಡೆಯಲು ಹೋದರು. ಅದರ ಸೇಡಿಗೆ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಅವರು ದೂರಿತ್ತರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಭಂವರಿಯವರಿಗೆ ಅಪಾಯ ಬಂದದ್ದು ಅವರು ಮಾಡುತ್ತಿದ್ದ ಕೆಲಸದಿಂದಲೇ ಅಲ್ಲವೇ? ಹಾಗಾದರೆ ದುಡಿಯುವ ಹೆಂಗಸಿಗೆ ರಕ್ಷಣೆ ಕೊಡುವವರು ಯಾರು? ಈ ಪ್ರಶ್ನೆಯೊಂದಿಗೆ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಬಂದದ್ದೇ ‘ವಿಶಾಖಾ’ ತೀರ್ಪು. ಬಾಲ್ಯವಿವಾಹ ತಡೆದವಳಿಗೆ ಒದಗಿದ ಅನ್ಯಾಯದಿಂದ ಹುಟ್ಟಿದ ತೀರ್ಪು, ಕಿರುಕುಳದ ಭಯಕ್ಕೆ ಹೆಣ್ಣುಮಕ್ಕಳನ್ನು ಬೇಗ ಮದುವೆ ಮಾಡಿಬಿಡುವ ಸೀಮೆಗೆ ಬೇರೆಲ್ಲರಿಗಿಂತ ಹತ್ತಿರದ್ದು.

ವಿಶಾಖಾ ತೀರ್ಪಿನ ಮುಖ್ಯ ಮಾತು ‘ಬೇಡವಾದ’ ವರ್ತನೆ ಎಂಬುದು. ಬೇಡವಾದ ಸ್ಪರ್ಶ, ಲೈಂಗಿಕ ಬೇಡಿಕೆ, ಕೀಳು ಮಾತು, ಅಶ್ಲೀಲ ಚಿತ್ರ ತೋರಿಸುವುದು, ಸನ್ನೆ ಮಾಡುವುದು ಎಲ್ಲವೂ ಕಿರುಕುಳವೇ. ಪ್ರಶ್ನೆ ಹುಡುಗಿಯ ಮಾನದಿಂದ ಅವಳ ಒಪ್ಪಿಗೆಗೆ ತಿರುಗಿತು. ಮುಟ್ಟಿದ್ದರೆ ಮಾತ್ರ ಕಿರುಕುಳ ಎಂಬ ವಾದವನ್ನು 1999ರಲ್ಲಿ ಇನ್ನೊಂದು ತೀರ್ಪು ತಳ್ಳಿಹಾಕಿತು. ಆದರೆ ಇವೆಲ್ಲ ಮುಖ್ಯವಾಗಿ ನೌಕರಿಯ ಜಾಗಕ್ಕೆ ಹೇಳಿದ ಮಾತುಗಳು. 2012ರ ಡಿಸೆಂಬರಿನ ದೆಹಲಿ ಪ್ರಕರಣದ ನಂತರ, 2013ರಲ್ಲಿ, ಹಿಂಬಾಲಿಸುವುದನ್ನು ಪ್ರತ್ಯೇಕ ಅಪರಾಧವೆಂದು ದಂಡ ಸಂಹಿತೆಗೆ ಸೇರಿಸಲಾಯಿತು. ಅದೇ ವರ್ಷ ಕೆಲಸದ ಸ್ಥಳದ ಕಿರುಕುಳ ತಡೆಗೆ ಕಾಯಿದೆಯೂ ಬಂತು. ವಿದ್ಯಾರ್ಥಿಗಳನ್ನು ಸ್ಪಷ್ಟವಾಗಿ ಹೆಸರಿಸಿದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಾವಳಿ, 2016ರ ಮೇ ತಿಂಗಳಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿರುಕುಳ 75ನೇ ಕಲಮು, ಹಿಂಬಾಲಿಸುವುದು 78ನೇ ಕಲಮು. ಫೋನಿನ ಮೂಲಕ ಬೆನ್ನು ಹತ್ತುವುದೂ ಇದರಲ್ಲಿ ಸೇರಿದೆ.

ಆಯೋಗದ ನಿಯಮಾವಳಿಯನ್ನು ಓದಿದರೆ ಅದನ್ನು ಬರೆದವರಿಗೆ ಕಾಲೇಜಿನ ಒಳಗುಟ್ಟು ಗೊತ್ತಿತ್ತೆನಿಸುತ್ತದೆ. ವಿಚಾರಣೆಯ ವೇಳೆ ಆರೋಪಿತ ಅಧ್ಯಾಪಕ ದೂರಿತ್ತವಳ ಪರೀಕ್ಷೆ, ಅಂಕಗಳ ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆ ಎಂಬ ಅಂಜಿಕೆಯಿಂದಲೇ ಅರ್ಧ ದೂರುಗಳು ಗಂಟಲಲ್ಲಿ ಉಳಿಯುತ್ತವೆ ಎನ್ನುವುದು ಯಾವ ವಿದ್ಯಾರ್ಥಿಗೆ ತಿಳಿಯದು? ಸಮಿತಿಯ ಅಧ್ಯಕ್ಷೆ ಹಿರಿಯ ಅಧ್ಯಾಪಕಿಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಪ್ರಕರಣ ವಿದ್ಯಾರ್ಥಿಗಳದ್ದಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಕೂರಬೇಕು. ದೂರಿಗೆ 3 ತಿಂಗಳ ಅವಧಿ, ವಿಚಾರಣೆಗೆ 90 ದಿನ. ಎನ್.ಎಸ್.ಎಸ್. ಶಿಬಿರ, ಕ್ರೀಡಾಕೂಟ, ಪ್ರವಾಸ, ಕಾಲೇಜಿನ ವಾಹನ ಎಲ್ಲವೂ ‘ಆವರಣ’ವೇ. ತಪ್ಪು ಮಾಡಿದ ವಿದ್ಯಾರ್ಥಿಯನ್ನು ಹೊರಹಾಕಬಹುದು. ಕಡ್ಡಾಯ ಆಪ್ತಸಮಾಲೋಚನೆಗೆ ಕಳಿಸಿ ತಿದ್ದಲೂಬಹುದು. ದೂರಿತ್ತವಳು ಬಯಸಿದರೆ ರಾಜಿಗೆ ಅವಕಾಶವಿದೆ, ಆದರೆ ಹಣ ಕೊಟ್ಟು ಮುಗಿಸುವಂತಿಲ್ಲ. ಹಿರಿಯರು ಗುಡಿಯ ಕಟ್ಟೆಗೆ ಎರಡೂ ಕಡೆಯವರನ್ನು ಕರೆಸಿ ದಂಡ ಹಾಕಿ ಬಗೆಹರಿಸುವ ರೂಢಿಗೆ ಇದು ನೇರ ವಿರುದ್ಧ.

ತಾಲ್ಲೂಕು ಕೇಂದ್ರಗಳಲ್ಲಿ ಇನ್ನೊಂದು ತೊಡಕಿದೆ. ಪಿ.ಯು. ಓದುವವರಲ್ಲಿ ಬಹುಪಾಲು 18 ತುಂಬದವರು. ಅವರಿಗೆ ಅನ್ವಯವಾಗುವುದು 2012ರ ಪೋಕ್ಸೊ ಕಾಯಿದೆ. ಅದರ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಕಾಲೇಜಿನ ಹೆಸರು ಕೆಡುತ್ತದೆಂದು ಪ್ರಾಂಶುಪಾಲರು ಕೋಣೆಯೊಳಗೇ ಮಾತು ಮುಗಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098.

ಇನ್ನು ಬಸ್ಸು. 2003ರಲ್ಲಿ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ಆರಂಭವಾದದ್ದು ಇದೇ ಜಿಲ್ಲೆಯಲ್ಲಿ. ಮಗಳನ್ನು ಹೆಣ್ಣುಮಕ್ಕಳ ಕಾಲೇಜಿಗೆ ಹಾಕಿದರೆ ತೀರಿತು ಎಂದು ಅನೇಕ ತಂದೆತಾಯಿಗಳ ಲೆಕ್ಕ. ಆದರೆ ಕಾಲೇಜು ಬೇರೆಯಾದರೂ ಬಸ್ಸು ಎಲ್ಲರಿಗೂ ಒಂದೇ. 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಪ್ರಯಾಣ ಸಿಕ್ಕಿ ಓದಿನ ಖರ್ಚೇನೋ ಇಳಿದಿದೆ. ಸರ್ಕಾರಿ ಬಸ್ಸು ಕಾಲೇಜು ಒದಗಿಸಿದ ವಾಹನವಲ್ಲದ ಕಾರಣ ಅಲ್ಲಿ ನಡೆದದ್ದಕ್ಕೆ ಪೊಲೀಸ್ ಠಾಣೆ ಅಥವಾ 112 ನೇರ ದಾರಿ. ಪೊಲೀಸರಿಗೆ ದೂರು ಕೊಡಲು ವಿದ್ಯಾರ್ಥಿನಿಗೆ ನೆರವಾಗುವುದು ಕಾಲೇಜು ಸಮಿತಿಯ ಕರ್ತವ್ಯವೂ ಹೌದು.

ಇಷ್ಟನ್ನೂ ವಿದ್ಯಾರ್ಥಿಗಳಿಗೆ ಮುಟ್ಟಿಸುವ ಬಗೆ ಹೇಗೆ? ತಾಲ್ಲೂಕು ಕಾನೂನು ಸೇವಾ ಸಮಿತಿ, ವಕೀಲರ ಸಂಘ, ಕಾಲೇಜು ಕೂಡಿ ನಡೆಸುವ ‘ಕಾನೂನು ಅರಿವು’ ಕಾರ್ಯಕ್ರಮ ಈಗ ಎಲ್ಲೆಡೆ ಪರಿಚಿತ. ನ್ಯಾಯಾಧೀಶರೇ ಬಂದು ಮಾತನಾಡುವುದು ಸಣ್ಣ ಸಂಗತಿಯಲ್ಲ. ಆದರೆ ಸ್ವಾಗತ, ದೀಪ, ಸನ್ಮಾನ ಮುಗಿಯುವಷ್ಟರಲ್ಲಿ ಹಳ್ಳಿಯ ಬಸ್ಸಿನ ಹೊತ್ತಾಗಿರುತ್ತದೆ, ಪ್ರಶ್ನೆ ಕೇಳುವವರಿಗೆ ಸಮಯ ಉಳಿಯುವುದಿಲ್ಲ. ಹುಡುಗಿಯರನ್ನು ಮಾತ್ರ ಕೂರಿಸಿ ‘ಎಚ್ಚರಿಕೆಯಿಂದಿರಿ’ ಎಂದು ಹೇಳಿ ಕಳಿಸುವುದಂತೂ ಹಳೆಯ ‘ನೀ ಯಾಕ ಆ ಹಾದೀಲೆ ಹೋದಿ’ ಎಂಬ ಪ್ರಶ್ನೆಯ ಸಭ್ಯ ರೂಪ. ಯಾವುದು ಹರಟೆ, ಯಾವುದು ಕಿರುಕುಳ ಎಂಬುದನ್ನು ಹುಡುಗರೂ ಕಲಿಯಬೇಕು. ಹುಡುಗರೂ ಕಿರುಕುಳಕ್ಕೆ ಒಳಗಾಗುತ್ತಾರೆಂಬುದನ್ನು ನಿಯಮಾವಳಿ ಮರೆತಿಲ್ಲ.

ಕಲಿಯಬೇಕಾದವರು ವಿದ್ಯಾರ್ಥಿಗಳಷ್ಟೇ ಅಲ್ಲ ಎಂಬುದಕ್ಕೆ ನೆರೆಯ ಗೋವಾ ವಿಶ್ವವಿದ್ಯಾಲಯದ ಪ್ರಕರಣ ಸಾಕ್ಷಿ. 2009ರಲ್ಲಿ ವಿದ್ಯಾರ್ಥಿನಿಯರ ದೂರಿನ ಮೇಲೆ ಅಧ್ಯಾಪಕರೊಬ್ಬರ ವಿಚಾರಣೆ ನಡೆಸಿದ ಸಮಿತಿ 39 ದಿನಗಳಲ್ಲಿ 18 ಸಭೆ ನಡೆಸಿ ಅವಸರದಲ್ಲಿ ಮುಗಿಸಿತು. ಅವರನ್ನು ವಜಾ ಮಾಡಿದ ಆದೇಶವನ್ನು 2023ರ ಮೇ 12ರಂದು ಸುಪ್ರೀಂ ಕೋರ್ಟು ರದ್ದುಪಡಿಸಿ ಮತ್ತೆ ವಿಚಾರಣೆಗೆ ಕಳಿಸಿತು. ದೂರು ನಿಜವೋ ಸುಳ್ಳೋ ಎಂದು ಅದು ತೀರ್ಮಾನಿಸಲಿಲ್ಲ, ಎದುರಿನವರಿಗೆ ಹೇಳಿಕೊಳ್ಳಲು ಸಾಕಷ್ಟು ಅವಕಾಶ ಸಿಗಲಿಲ್ಲ ಎಂದಿತು. ಸಮಿತಿಗೆ ಕೆಲಸ ಬಾರದಿದ್ದರೆ ಅದರ ಬೆಲೆ ತೆರುವವರು ದೂರಿತ್ತವರೇ.

ಅದೇ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2024ರ ಡಿಸೆಂಬರ್ 3ರಂದು ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ, ತಾಲ್ಲೂಕುಗಳಲ್ಲಿ ನೋಡಲ್ ಅಧಿಕಾರಿ ಇರಲೇಬೇಕೆಂದು ಆದೇಶಿಸಿತು. 10ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳ ದೂರು ಹೋಗುವುದು ಈ ಸ್ಥಳೀಯ ಸಮಿತಿಗೆ. ನೋಡಲ್ ಅಧಿಕಾರಿ ತಮಗೆ ಬಂದ ದೂರನ್ನು 7 ದಿನದೊಳಗೆ ಅಲ್ಲಿಗೆ ಕಳಿಸಬೇಕು. ಹಳ್ಳಿಯಿಂದ ವಿಜಯಪುರದವರೆಗೆ ಹೋಗಲಾರದವರಿಗೆ ತಾಲ್ಲೂಕು ಊರಿನಲ್ಲೇ ತೆರೆದ ಬಾಗಿಲಿದು. ಕಾಲೇಜುಗಳಾದರೆ ಆಂತರಿಕ ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವಲ್ಲಿ ಹಚ್ಚಬೇಕೆಂದು ಕಾಯಿದೆ ಹೇಳುತ್ತದೆ. ಸದಸ್ಯರ ಅವಧಿ 3 ವರ್ಷ. ವರ್ಗವಾಗಿ ಹೋದವರ, ನಿವೃತ್ತರಾದವರ ಹೆಸರೇ ಫಲಕದಲ್ಲಿ ಉಳಿದಿದ್ದರೆ ಅದನ್ನು ಬದಲಿಸುವಂತೆ ಪ್ರಾಂಶುಪಾಲರನ್ನು ಯಾವ ವಿದ್ಯಾರ್ಥಿಯಾದರೂ ಕೇಳಬಹುದು.