ಬೀಗ ಬಿದ್ದ ಗೇಟು: ‘ಹೆಲ್ ನೈಟ್’ (1981) ಚಿತ್ರದಲ್ಲಿ ದೀಕ್ಷೆ, ಸಮ್ಮತಿ ಮತ್ತು ಸುಳ್ಳು ಭಯ

‘ಹೆಲ್ ನೈಟ್’ ಚಿತ್ರದ ಅತ್ಯಂತ ಭಯಾನಕ ದೃಶ್ಯದಲ್ಲಿ ಒಂದು ತೊಟ್ಟು ರಕ್ತವೂ ಇಲ್ಲ. ಸೆತ್ ಎಂಬ ಹುಡುಗ ಮೊನಚು ಸರಳುಗಳ ಎತ್ತರದ ಗೇಟು ಹತ್ತಿಳಿದು, ಹೇಗೋ ಪೊಲೀಸ್ ಠಾಣೆ ಸೇರಿ, ಬಂಗಲೆಯಲ್ಲಿ ಕೊಲೆಯಾಗಿದೆ ಎಂದು ಅಂಗಲಾಚುತ್ತಾನೆ. ಯಾರೂ ನಂಬುವುದಿಲ್ಲ. ಅದು ಕಾಲೇಜು ಹುಡುಗರ ದೀಕ್ಷೆಯ ರಾತ್ರಿ. ಆ ರಾತ್ರಿ ಇಂಥ ಕೀಟಲೆಗಳು ಪೊಲೀಸರಿಗೆ ಹೊಸದಲ್ಲ. ಕೊನೆಗೆ ಅವನು ಠಾಣೆಯ ಬಂದೂಕನ್ನೇ ಕದ್ದು, ಯಾರದೋ ಕಾರು ಕಿತ್ತುಕೊಂಡು ಒಬ್ಬನೇ ಹಿಂತಿರುಗುತ್ತಾನೆ. ಈ ಚಿತ್ರವನ್ನು ಹೇಜಿಂಗ್ (ದೀಕ್ಷೆಯ ಹೆಸರಿನ ಕಾಟ) ಕುರಿತ ಕೃತಿಯಾಗಿ ಓದಲು ಈ ದೃಶ್ಯವೇ ಕೀಲಿಕೈ ಎಂಬುದು ಪ್ರಸ್ತುತ ಲೇಖನದ ವಾದ. ಹೇಜಿಂಗ್ ಮಾಡುವ ಮೊದಲ ಹಾನಿ ದೇಹಕ್ಕಲ್ಲ, ‘ಕಾಪಾಡಿ’ ಎಂಬ ಕೂಗಿಗೆ. ಆಟಕ್ಕಾಗಿ ಸಾವಿರ ಸಲ ಬಳಸಿದ ಕೂಗು ನಿಜವಾದ ಆಪತ್ತಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹೇಜಿಂಗನ್ನು ನಾವು ‘ರ‍್ಯಾಗಿಂಗ್’ ಎಂದು ಅನುವಾದಿಸಿಕೊಳ್ಳುವುದು ರೂಢಿ. ಕರ್ನಾಟಕ ಶಿಕ್ಷಣ ಕಾಯಿದೆ, 1983 ಶಿಕ್ಷಾರ್ಹವೆಂದು ಸಾರಿರುವ ರ‍್ಯಾಗಿಂಗ್ ಕಾಲೇಜಿಗೆ ಸೇರಿದ ಯಾರ ಮೇಲಾದರೂ ಎರಗಬಹುದು. ಅಲ್ಲಿ ಬಲಿಯಾದವನು ಏನನ್ನೂ ಬೇಡಿರುವುದಿಲ್ಲ. ಹೇಜಿಂಗ್ ಹಾಗಲ್ಲ. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಫ್ರಟರ್ನಿಟಿ, ಸೊರಾರಿಟಿ ಎಂಬ ಸಂಘಗಳಿಗೆ ಸೇರಬಯಸುವ ಉಮೇದುವಾರ ತಾನಾಗಿ ತೆರುವ ಬೆಲೆ ಅದು. ಅವನನ್ನು ‘ಪ್ಲೆಡ್ಜ್’ ಎನ್ನುತ್ತಾರೆ; ಮಾತು ಕೊಟ್ಟವನು ಎಂದರ್ಥ. ಈ ಸಮ್ಮತಿಯೇ ಹೇಜಿಂಗಿನ ಕಗ್ಗಂಟು. 1959ರಲ್ಲಿ ಅರಾನ್‌ಸನ್ ಮತ್ತು ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು 63 ವಿದ್ಯಾರ್ಥಿನಿಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ಗುಂಪಿಗೆ ಸೇರಲು ಹೆಚ್ಚು ಮುಜುಗರ ಅನುಭವಿಸಿದವರೇ ಅದರ ನೀರಸ ಚರ್ಚೆಯನ್ನು ಹೆಚ್ಚು ಮೆಚ್ಚಿಕೊಂಡರು. ಪಟ್ಟ ಪಾಡು ವ್ಯರ್ಥವಾಯಿತೆಂದು ಒಪ್ಪಿಕೊಳ್ಳಲು ಮನಸ್ಸು ಬಾರದು.

ಚಿತ್ರದ ವಿವರಕ್ಕೆ ಬರೋಣ. ನಿರ್ದೇಶನ ಟಾಮ್ ಡಿಸಿಮೋನ್, ಚಿತ್ರಕಥೆ ರ‍್ಯಾಂಡಿ ಫೆಲ್ಡ್‌ಮನ್, ಛಾಯಾಗ್ರಹಣ ಮ್ಯಾಕ್ ಆಲ್‌ಬರ್ಗ್. ನಿರ್ಮಾಪಕರಲ್ಲೊಬ್ಬರಾದ ಅರ್ವಿನ್ ಯಾಬ್ಲನ್ಸ್ ಮೂರು ವರ್ಷ ಹಿಂದೆ ‘ಹ್ಯಾಲೋವೀನ್’ ಚಿತ್ರದ ಹಿಂದೆ ನಿಂತವರು. ‘ಹೆಲ್ ನೈಟ್’ ಬಜೆಟ್ ಸುಮಾರು 14 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಸಣ್ಣ ಮೊತ್ತ. ಆಲ್ಫಾ ಸಿಗ್ಮಾ ರೋ ಎಂಬ ಕಲ್ಪಿತ ಸಂಘದ ನಾಲ್ವರು ಉಮೇದುವಾರರು ಗಾರ್ತ್ ಎಂಬ ಕುಟುಂಬದ ಪಾಳುಬಂಗಲೆಯಲ್ಲಿ ಒಂದು ರಾತ್ರಿ ಕಳೆಯಬೇಕು. ಹನ್ನೆರಡು ವರ್ಷದ ಹಿಂದೆ ಮನೆಯ ಯಜಮಾನ ಹೆಂಡತಿ ಮಕ್ಕಳನ್ನು ಕೊಂದು ತಾನೂ ಸತ್ತನೆಂದೂ, ಒಬ್ಬ ಮಗ ಇನ್ನೂ ಒಳಗೇ ಇದ್ದಾನೆಂದೂ ಪ್ರತೀತಿ. ಬಂಗಲೆಯ ಹೊರನೋಟಕ್ಕೆ ಬಳಸಿದ್ದು ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ಊರಿನಲ್ಲಿ 1897ರಲ್ಲಿ ಕಟ್ಟಿದ ಕಿಂಬರ್ಲಿ ಕ್ರೆಸ್ಟ್ ಮನೆಯನ್ನು.

ಒಂದು ಮನೆ, ಒಂದು ರಾತ್ರಿ, ಬೆರಳೆಣಿಕೆಯ ನಟರು: ಕಡಿಮೆ ಖರ್ಚಿನ ಭಯದ ಚಿತ್ರಕ್ಕೆ ಬೇಕಾದದ್ದೂ ದೀಕ್ಷೆಯ ರಾತ್ರಿಗೆ ಬೇಕಾದದ್ದೂ ಒಂದೇ. ಫ್ಯಾನ್ಸಿ ಡ್ರೆಸ್ ಪಾರ್ಟಿಯಿಂದ ನೇರ ಬಂದರೆಂಬ ನೆಪದಲ್ಲಿ ನಾಯಕಿ ಮಾರ್ಟಿಗೆ (ಲಿಂಡಾ ಬ್ಲೇರ್) ಹಳೆಯ ಕಾಲದ ನಿಲುವಂಗಿ ತೊಡಿಸಲಾಗಿದೆ. ಕೈಯಲ್ಲಿ ಮೇಣದಬತ್ತಿ ಹಿಡಿದು ಅವಳು ನಡೆದರೆ ಇನ್ನೂರು ವರ್ಷದ ಗಾಥಿಕ್ ಕಥಾಪರಂಪರೆಯೇ ಆ ಒಂದು ಉಡುಪಿನ ಖರ್ಚಿನಲ್ಲಿ ತೆರೆಗೆ ಬರುತ್ತದೆ. ಇನ್ನೂ ಗಮನಿಸಬೇಕಾದದ್ದು ಸಂಘದ ಅಧ್ಯಕ್ಷ ಪೀಟರ್ ಮತ್ತು ಅವನ ಜೊತೆಗಾರರ ಕೆಲಸ. ಅವರು ಮನೆಯಲ್ಲಿ ಸ್ಪೀಕರುಗಳನ್ನು ಅಡಗಿಸಿಟ್ಟು, ಧ್ವನಿಮುದ್ರಿಸಿದ ಚೀತ್ಕಾರಗಳನ್ನು ಹಾಕುತ್ತಾರೆ. ಹೊರಗಿನಿಂದ ದೆವ್ವ ಕುಣಿಸುತ್ತಾರೆ. ಅಂದರೆ ಅವರೇ ಅಗ್ಗದ ಭಯದ ಚಿತ್ರವೊಂದರ ನಿರ್ದೇಶಕರು. ನಿಜವಾದ ಹಂತಕ ಮೊದಲು ಕೊಲ್ಲುವುದು ಒಳಗಿನ ಉಮೇದುವಾರರನ್ನಲ್ಲ, ಈ ಸೂತ್ರಧಾರರ ತಂಡವನ್ನು. ಇದನ್ನು ಕಥೆಯ ಆಕಸ್ಮಿಕವೆಂದು ತಳ್ಳಿಹಾಕಲಾಗದು. ಮಾನವಶಾಸ್ತ್ರಜ್ಞ ಆರ್ನಾಲ್ಡ್ ವಾನ್ ಜೆನೆಪ್ 1909ರಲ್ಲಿ ವಿವರಿಸಿದಂತೆ ದೀಕ್ಷಾವಿಧಿಗೆ ಬೇರ್ಪಡೆ, ಹೊಸ್ತಿಲು, ಸೇರ್ಪಡೆ ಎಂಬ ಮೂರು ಘಟ್ಟಗಳಿವೆ. ಹೊಸ್ತಿಲ ಮೇಲಿರುವವನನ್ನು ಈಚೆಗೆ ಕರೆತರುವ ದಾರಿ ಹಿರಿಯರಿಗೆ ಗೊತ್ತಿರಬೇಕು. ಇಲ್ಲಿನ ಹಿರಿಯರಿಗೆ ಗೇಟಿಗೆ ಬೀಗ ಜಡಿಯುವುದು ಗೊತ್ತು, ಒಳಗೇನಿದೆ ಎಂಬುದು ಗೊತ್ತಿಲ್ಲ. ಹಾಗಾಗಿ ಮೂರನೆಯ ಘಟ್ಟ ಬರುವುದೇ ಇಲ್ಲ.

ಈ ಅಜ್ಞಾನ ಬರಿಯ ಕಥೆಯಲ್ಲ. ಚಿತ್ರಕ್ಕೆ ಮೂರು ವರ್ಷ ಮೊದಲು, 1978ರ ಫೆಬ್ರುವರಿಯ ಚಳಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಆಲ್ಫ್ರೆಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನನ್ನು ಸಂಘದವರು ಕಾರಿನ ಡಿಕ್ಕಿಯಲ್ಲಿ ಕೂರಿಸಿ, ಜೊತೆಗೆ ಮದ್ಯದ ಬಾಟಲಿಗಳನ್ನಿಟ್ಟು ಮುಚ್ಚಿದರು. ಹುಡುಗ ಆ ರಾತ್ರಿಯೇ ತೀರಿಕೊಂಡ. ಅವನ ತಾಯಿ ಐಲೀನ್ ಸ್ಟೀವನ್ಸ್ ಅದೇ ವರ್ಷ ಹೇಜಿಂಗ್ ವಿರುದ್ಧ ಸಮಿತಿ ಕಟ್ಟಿ, ಮಗನ ಹೆಸರನ್ನೇ ಅದಕ್ಕಿಟ್ಟು, ಕಾಲೇಜಿನಿಂದ ಕಾಲೇಜಿಗೆ ತಿರುಗಿ ಮಾತಾಡಿದರು. ಡಿಕ್ಕಿಯ ಮುಚ್ಚಳ ಹಾಕಿದವರಿಗೂ ಪೀಟರನಂತೆ ಕೊಲ್ಲುವ ಉದ್ದೇಶವಿರಲಿಲ್ಲ. ಆದರೆ ಸತ್ತವನಿಗೆ ಉದ್ದೇಶದಿಂದ ಆಗುವ ಉಪಕಾರವೇನು?

ಮಾರ್ಟಿಯ ಪಾತ್ರದಲ್ಲಿ ಚಿತ್ರ ಇನ್ನೊಂದು ಸೂಕ್ಷ್ಮವನ್ನು ಹಿಡಿದಿದೆ. ಅವಳು ಮೆಕ್ಯಾನಿಕ್ ಒಬ್ಬನ ಮಗಳು, ಅಪ್ಪನ ಗ್ಯಾರೇಜಿನಲ್ಲಿ ಕೆಲಸ ಕಲಿತವಳು. ಹಣವಂತರ ಈ ಸಂಘದೊಳಗೆ ಅವಳಿಗೆ ಸಹಜವಾದ ಜಾಗವಿಲ್ಲ. ಕೊನೆಗೆ ಸತ್ತ ಪೀಟರನ ಮೈಮೇಲಿನಿಂದ ಗೇಟಿನ ಕೀಲಿ ತೆಗೆದುಕೊಂಡು, ಹಟ ಹಿಡಿದ ಕಾರನ್ನು ಚಾಲೂ ಮಾಡಿ ಪಾರಾಗುವವಳು ಅವಳೇ. ‘ಸ್ಲ್ಯಾಷರ್’ ಎಂಬ ಸರಣಿಕೊಲೆಯ ಭಯದ ಚಿತ್ರಗಳಲ್ಲಿ ಕಡೆಗೆ ಉಳಿಯುವ ಹುಡುಗಿಯನ್ನು ಕುರಿತು ಕ್ಯಾರಲ್ ಕ್ಲೋವರ್ 1987ರಲ್ಲಿ ಬರೆದ ಪ್ರಬಂಧ ಅವಳ ಎಚ್ಚರ, ಜಾಣ್ಮೆಗಳನ್ನು ಗುರುತಿಸಿತು. ಮಾರ್ಟಿಯ ವಿಷಯದಲ್ಲಿ ನಾನು ವರ್ಗವನ್ನೂ ಸೇರಿಸುತ್ತೇನೆ: ಅವಳನ್ನು ಉಳಿಸಿದ್ದು ಸಂಘ ಕೊಡಲಿದ್ದ ಪ್ರತಿಷ್ಠೆಯಲ್ಲ, ಗ್ರೀಸು ಮೆತ್ತಿದ ಕೈಯ ವಿದ್ಯೆ.

ಇಷ್ಟು ದೂರ ಸರಿಯಾಗಿ ನಡೆದ ಚಿತ್ರ ಹಂತಕನ ವಿಷಯದಲ್ಲಿ ಎಡವುತ್ತದೆ. ಕೊಲ್ಲುವವರು ಗಾರ್ತ್ ಮನೆಯ ವಿರೂಪ ದೇಹದ ಗಂಡಸರು. ಅಂಗವೈಕಲ್ಯವನ್ನೇ ಕೇಡಿನ ಗುರುತಾಗಿಸುವ ಈ ಚಾಳಿ ಅನ್ಯಾಯದ್ದು. ಸಾಲದ್ದಕ್ಕೆ ಅದು ಸಂಘವನ್ನು ಹೊಣೆಯಿಂದ ಪಾರುಮಾಡುತ್ತದೆ. ಹಿಂದಿನ ವರ್ಷದ ‘ಟೆರರ್ ಟ್ರೈನ್’ (1980) ಹಂತಕನನ್ನು ಬೇರೆಡೆ ಹುಡುಕಿತು: ಹಾಸಿಗೆಯಲ್ಲಿ ಹೆಣ ಮಲಗಿಸಿ ಸಂಘದವರು ಹೆದರಿಸಿದ ಹುಡುಗನೇ ಅಲ್ಲಿ ಸೇಡಿಗೆ ಬರುತ್ತಾನೆ. ಅಲ್ಲೂ ರಾಕ್ಷಸನಾದವನು ನೊಂದವನೇ. ಸಂಘವನ್ನೇ ನೇರವಾಗಿ ಹಂತಕನ ಜಾಗದಲ್ಲಿ ನಿಲ್ಲಿಸುವ ಧೈರ್ಯವನ್ನು ನಾನು ಕಂಡದ್ದು ಡೇನಿಯಲ್ ರಾಬಿನ್ಸ್ ಅವರ ‘ಪ್ಲೆಡ್ಜ್’ (2018) ಎಂಬ ಇನ್ನೊಂದು ಸಣ್ಣ ಚಿತ್ರದಲ್ಲಿ.

ತೆರೆಯ ಹೊರಗಿನ ಹೊಣೆಯ ಮಾತಿಗೆ ಬಂದರೆ, ಅಮೆರಿಕದ ಕಾಲೇಜುಗಳು ತಮ್ಮಲ್ಲಿ ನಡೆದ ಹೇಜಿಂಗ್ ಪ್ರಕರಣಗಳನ್ನು ಬಹಿರಂಗಪಡಿಸಬೇಕೆಂಬ ಒಕ್ಕೂಟ ಕಾಯಿದೆಗೆ ಸಹಿ ಬಿದ್ದದ್ದು 2024ರ ಡಿಸೆಂಬರಿನಲ್ಲಿ. ‘ಹೆಲ್ ನೈಟ್’ ಮುಗಿಯುವಾಗ ಬೆಳಗಾಗಿರುತ್ತದೆ, ಕೊನೆಯ ಹಂತಕನ ದೇಹ ಗೇಟಿನ ಮೊನೆಗಳಿಗೆ ಸಿಕ್ಕಿಕೊಂಡಿರುತ್ತದೆ, ಮಾರ್ಟಿ ಒಬ್ಬಳೇ ಹೊರನಡೆಯುತ್ತಾಳೆ. ಆಲ್ಫಾ ಸಿಗ್ಮಾ ರೋ ಸಂಘದ ಮನೆಗೆ ಹೋಗಿ ಯಾರೂ ಏನನ್ನೂ ಕೇಳುವುದಿಲ್ಲ.