ಜಠರದಿಂದ ಹೃದಯಕ್ಕೆ: ಉರಿಯೂತದ ಮಾತ್ರೆಗಳ ಅಡ್ಡಪರಿಣಾಮದ ಚರಿತ್ರೆ

ಆಸ್ಪಿರಿನ್ನಿನ ಚರಿತ್ರೆ ಬರೆಯುವವರು 1763ರಲ್ಲಿ ವಿಲೋ ತೊಗಟೆಯ ಬಗ್ಗೆ ರಾಯಲ್ ಸೊಸೈಟಿಗೆ ಪತ್ರ ಬರೆದ ಪಾದ್ರಿ ಎಡ್ವರ್ಡ್ ಸ್ಟೋನ್‌ನಿಂದ ಹೊರಟು, 1897ರಲ್ಲಿ ಬೇಯರ್ ಕಂಪನಿಯ ಪ್ರಯೋಗಾಲಯಕ್ಕೆ ಬಂದು ನಿಲ್ಲುತ್ತಾರೆ. ಈ ವಂಶಾವಳಿಗಿಂತ ಮದ್ದು ಮಾಡಿದ ಹಾನಿಯ ಚರಿತ್ರೆಯೇ ಅದರ ಗುಣವನ್ನು ಹೆಚ್ಚು ಬಿಡಿಸಿ ತೋರಿಸುತ್ತದೆ ಎಂಬುದು ಈ ಲೇಖನದ ವಾದ.

ಆಸ್ಪಿರಿನ್ನಿಗೂ ಮುಂಚೆ ಬಳಕೆಯಲ್ಲಿದ್ದ ಸ್ಯಾಲಿಸಿಲಿಕ್ ಆಮ್ಲ ಹೊಟ್ಟೆ ಕೆಡಿಸುತ್ತಿತ್ತು. ಆಸ್ಪಿರಿನ್ ಅದಕ್ಕಿಂತ ಮೃದುವೆಂಬ ಹೆಸರು ಹೊತ್ತೇ ಬಂತು. 1938ರಲ್ಲಿ ಲಂಡನ್ನಿನ ವೈದ್ಯರಾದ ಡೌತ್‌ವೇಟ್ ಮತ್ತು ಲಿಂಟಾಟ್ ಗ್ಯಾಸ್ಟ್ರೋಸ್ಕೋಪ್ ಇಳಿಸಿ ನೋಡಿದಾಗ, ಆಸ್ಪಿರಿನ್ ನುಂಗಿದವರ ಜಠರದ ಒಳಪದರ ಕೆಂಪೇರಿತ್ತು. ಹಾನಿ ಕಣ್ಣಿಗೆ ಬಿದ್ದಿತ್ತು, ಕಾರಣ ಗೊತ್ತಿರಲಿಲ್ಲ.

ಕಾರಣ ಹೊರಬಿದ್ದದ್ದು 1971ರಲ್ಲಿ. ಲಂಡನ್ನಿನಲ್ಲಿ ಜಾನ್ ವೇನ್ ಗಿನಿಯಿಲಿಯ ಶ್ವಾಸಕೋಶವನ್ನು ಅರೆದು, ಆ ರಸಕ್ಕೆ ಅರಾಕಿಡೋನಿಕ್ ಆಮ್ಲ ಸೇರಿಸಿದರು. ಪ್ರೋಸ್ಟಾಗ್ಲಾಂಡಿನ್ ತಯಾರಾಯಿತು. ಆಸ್ಪಿರಿನ್ನನ್ನೋ ಇಂಡೊಮೆಥಾಸಿನ್ನನ್ನೋ ಬೆರೆಸಿದಾಗ ಆ ತಯಾರಿಕೆ ಕುಗ್ಗಿತು. ಮದ್ದು ತಡೆಯುತ್ತಿದ್ದದ್ದು ಸೈಕ್ಲೋಆಕ್ಸಿಜಿನೇಸ್ (ಕಾಕ್ಸ್) ಎಂಬ ಕಿಣ್ವವನ್ನು. ಗಾಯವಾದಲ್ಲಿ ಊತ, ನೋವು, ಜ್ವರ ಏಳಿಸುವ ಪ್ರೋಸ್ಟಾಗ್ಲಾಂಡಿನ್‌ಗಳೇ ಜಠರದಲ್ಲಿ ಲೋಳೆಪದರವನ್ನು ಕಾಯುತ್ತವೆ, ನೀರಿನಂಶ ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ. ಹಾಗಾಗಿ ಹೊಟ್ಟೆಹುಣ್ಣು ಈ ಮದ್ದಿನ ಅಡ್ಡದಾರಿಯಲ್ಲ, ಅದರ ಮುಖ್ಯ ಕೆಲಸದ್ದೇ ಇನ್ನೊಂದು ಫಲ. ಊಟವಾದ ಮೇಲೆ ನುಂಗಿದರೆ ಆ ಹೊತ್ತಿನ ಉರಿ ತಗ್ಗಬಹುದು. ರಕ್ತದ ಮೂಲಕ ಜಠರ ತಲುಪುವ ಮದ್ದಿಗೆ ಅನ್ನದ ತಡೆಯಿಲ್ಲ. ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು.

1990ರ ದಶಕದ ಆರಂಭದಲ್ಲಿ ಎರಡನೆಯ ಕಾಕ್ಸ್ ಪತ್ತೆಯಾದಾಗ ಲೆಕ್ಕ ಸುಲಭವಾಗಿ ಕಂಡಿತು: ಕಾಕ್ಸ್-1 ಜಠರ ಕಾಯುವುದು, ಕಾಕ್ಸ್-2 ಉರಿಯೂತ ಎಬ್ಬಿಸುವುದು, ಎರಡನೆಯದನ್ನಷ್ಟೇ ತಡೆದರಾಯಿತು. 1999ರಲ್ಲಿ ಈ ಲೆಕ್ಕದ ಮೇಲೆಯೇ ರೋಫೆಕಾಕ್ಸಿಬ್ ಬಂತು. ಮರುವರ್ಷ ಪ್ರಕಟವಾದ, ಸುಮಾರು 8,000 ಸಂಧಿವಾತ ರೋಗಿಗಳ ವಿಗರ್ ಅಧ್ಯಯನದಲ್ಲಿ ಜಠರದ ತೀವ್ರ ತೊಂದರೆಗಳು ಹಳೆಯ ಮಾದರಿಯ ಮದ್ದಾದ ನ್ಯಾಪ್ರಾಕ್ಸೆನ್ ಗುಂಪಿಗಿಂತ ಅರ್ಧದಷ್ಟಿದ್ದವು. ಆದರೆ ಹೃದಯಾಘಾತ ಹೆಚ್ಚಿತ್ತು. ನ್ಯಾಪ್ರಾಕ್ಸೆನ್ನೇ ಹೃದಯ ಕಾಯುತ್ತಿರಬೇಕು ಎಂದು ತಯಾರಕರು ಸಮಜಾಯಿಷಿ ಕೊಟ್ಟರು. ಅನುಕೂಲದ ಫಲಿತಾಂಶವನ್ನು ಹಾಗೆಯೇ ಒಪ್ಪಿ, ಅನನುಕೂಲದ್ದಕ್ಕೆ ಮಾತ್ರ ವ್ಯಾಖ್ಯಾನ ಹುಡುಕಿದ ಈ ಜಾಣತನವನ್ನು ಮರೆಯಬಾರದು. ಮುಂದೆ ಖಾಲಿ ಮಾತ್ರೆಯೊಂದಿಗೆ ಹೋಲಿಸಿದಾಗಲೂ ಅಪಾಯ ಕಂಡಿತು. 2004ರ ಸೆಪ್ಟೆಂಬರ್ 30ರಂದು ಮದ್ದು ಹಿಂದೆ ಸರಿಯಿತು.

ಅಪಾಯದ ಕಾರಣ ಹೀಗೆ: ರಕ್ತನಾಳದ ಗೋಡೆ ಕಾಕ್ಸ್-2ರಿಂದ ಪ್ರೋಸ್ಟಾಸೈಕ್ಲಿನ್ ತಯಾರಿಸಿ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಪ್ಲೇಟ್‌ಲೆಟ್ ಕಾಕ್ಸ್-1ರಿಂದ ಥ್ರಾಂಬಾಕ್ಸೇನ್ ತಯಾರಿಸಿ ಹೆಪ್ಪುಗಟ್ಟಿಸುತ್ತದೆ. ಪ್ರೋಸ್ಟಾಸೈಕ್ಲಿನ್ನನ್ನಷ್ಟೇ ಕುಗ್ಗಿಸಿದರೆ ತಕ್ಕಡಿ ವಾಲುತ್ತದೆ. ಕಡಿಮೆ ಪ್ರಮಾಣದ ಆಸ್ಪಿರಿನ್ ಹೃದಯರೋಗಿಗಳಿಗೆ ನೆರವಾಗುವುದು ಇದರ ತದ್ವಿರುದ್ಧ ದಾರಿಯಲ್ಲಿ, ಕಾಕ್ಸ್-1ನ್ನು ತಡೆದು: ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಕಳೆದುಕೊಂಡ ಕಿಣ್ವವನ್ನು ಮತ್ತೆ ಕಟ್ಟಿಕೊಳ್ಳಲಾರದು.

ಅದೇ 2004ರಲ್ಲಿ ಪಾಕಿಸ್ತಾನದಿಂದ ಬಂದ ಅಧ್ಯಯನವೊಂದು ಈ ಚರಿತ್ರೆಗೆ ಹೊಸ ಅಧ್ಯಾಯ ಸೇರಿಸಿತು. ಇದೇ ಗುಂಪಿನ ಮದ್ದಾದ ಡೈಕ್ಲೋಫೆನಾಕ್ ಚುಚ್ಚಿಸಿಕೊಂಡು ಸತ್ತ ದನಗಳನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು, ಒಳಾಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಪುಡಿ ಕಟ್ಟಿಕೊಂಡು ಸಾಯುತ್ತಿದ್ದವು. ಭಾರತ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಮಾತ್ರ ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಡೈಕ್ಲೋಫೆನಾಕ್ ಚುಚ್ಚುಮದ್ದಿನ ಬಾಟಲಿ 3 ಮಿ.ಲೀ.ಗೆ ಇಳಿದದ್ದು 2015ರಲ್ಲಿ.