ಭಾಷೆ ನಮ್ಮದು, ಸರ್ವರ್ ಯಾರದು? ಕನ್ನಡ ಸಾಮಾಜಿಕ ಜಾಲತಾಣಗಳ ವಲಸೆ ಮತ್ತು ವಿಕೇಂದ್ರೀಕರಣ

ಪೀಠಿಕೆ

ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್ 2ರಂದು. ಬೆಂಗಳೂರಿನ ಜಾಲತಾಣ 'ಕೂ' 2020ರಲ್ಲಿ ಕನ್ನಡದಿಂದಲೇ ಶುರುವಾಗಿ 2024ರ ಜುಲೈನಲ್ಲಿ ನಿಂತುಹೋಯಿತು. ಹೀಗೆ ಒಂದು ಕಂಪನಿಯ ಅಂಗಳದಿಂದ ಎದ್ದ ಕನ್ನಡಿಗರು ಇನ್ನೊಂದು ಕಂಪನಿಯ ಅಂಗಳಕ್ಕೇ ಹೋಗಿ ಕೂತರು. ವಿಕೇಂದ್ರಿತ ಜಾಲದ ತಂತ್ರಜ್ಞಾನ ಇಂದು ಸಿದ್ಧವಿದೆ. ಕನ್ನಡದಲ್ಲಿ ಕೊರತೆ ಇರುವುದು ಅದನ್ನು ಹೊತ್ತು ನಡೆಸುವ ಸಂಸ್ಥೆಯದು ಎಂಬುದು ಈ ಲೇಖನದ ವಾದ.

2019ರ ವಲಸೆ

ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ 2019ರಲ್ಲಿ ಅಮಾನತುಗೊಳಿಸಿತು. ಆ ಖಾತೆಯಲ್ಲಿದ್ದ, ನಾಜಿ ಸೆಲ್ಯೂಟ್ ಹೊಡೆಯಲು ಒಪ್ಪದ ಆಗಸ್ಟ್ ಲ್ಯಾಂಡ್‌ಮೆಸ್ಸರ್‌ನ ಪ್ರಸಿದ್ಧ ಚಿತ್ರ ಆಕ್ಷೇಪಕ್ಕೆ ಗುರಿಯಾಗಿತ್ತು. ಅಮಾನತನ್ನು ವಿರೋಧಿಸಿ ಆ ನವೆಂಬರ್‌ನಲ್ಲಿ ಭಾರತದ ಅನೇಕ ಬಳಕೆದಾರರು ಮ್ಯಾಸ್ಟೊಡಾನ್‌ನಲ್ಲಿ ಖಾತೆ ತೆರೆದರು. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ಈ ತಂತ್ರಾಂಶಕ್ಕೆ ಒಬ್ಬನೇ ಒಡೆಯನಿಲ್ಲ. ಸರ್ವರ್ ಇರುವ ಯಾರು ಬೇಕಾದರೂ ಅದನ್ನು ನಡೆಸಬಹುದು. ಬೇರೆ ಬೇರೆ ಸರ್ವರ್‌ಗಳು ಮಾತಾಡಿಕೊಳ್ಳುವುದು ಆಕ್ಟಿವಿಟಿಪಬ್ ಎಂಬ ಶಿಷ್ಟತೆಯ ಮೂಲಕ. ಜಾಲದ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯೂ3ಸಿ ಅದನ್ನು 2018ರ ಜನವರಿಯಲ್ಲಿ ಅಂಗೀಕರಿಸಿತು.

ಆದರೆ ಇಲ್ಲೂ ವಲಸೆ ಪೂರ್ಣವಲ್ಲ. ಸರ್ವರ್ ಬದಲಿಸಿದವರ ಹಿಂದೆ ಫಾಲೋವರ್‌ಗಳು ಬರುತ್ತಾರೆ, ಹಳೆಯ ಪೋಸ್ಟುಗಳು ಬರುವುದಿಲ್ಲ. ಅವುಗಳ ಪ್ರತಿಯನ್ನು ಇಳಿಸಿಕೊಳ್ಳಬಹುದೇ ಹೊರತು ಹೊಸ ಸರ್ವರ್‌ಗೆ ಏರಿಸಲಾಗದು. ಫಾಲೋವರ್‌ಗಳು ಬರಬೇಕಾದರೂ ಹಳೆಯ ಸರ್ವರ್ ಆ ಹೊತ್ತಿಗೆ ನಡೆಯುತ್ತಿರಬೇಕು. ಆದ್ದರಿಂದಲೇ ಮ್ಯಾಸ್ಟೊಡಾನ್ ತನ್ನ ಪಟ್ಟಿಗೆ ಸೇರುವ ಸರ್ವರ್‌ಗಳಿಂದ ದಿನವೂ ಬ್ಯಾಕಪ್, ಮುಚ್ಚುವ ಮೊದಲು 3 ತಿಂಗಳ ಮುನ್ಸೂಚನೆ ಎಂಬ ಕರಾರು ಬಯಸುತ್ತದೆ.

ನಿರ್ವಹಣೆಯ ಪ್ರಶ್ನೆ

ಹಂಚಿಹೋದ ವ್ಯವಸ್ಥೆಯನ್ನು ಯಾರು ನಿರ್ವಹಿಸಬೇಕು ಎಂಬುದು ಹಂಪಿ ಬಳಿಯ ಹೊಸಪೇಟೆ, ಚಿತ್ತವಾಡ್ಗಿಯ ರೈತರಿಗೆ ಹೊಸ ಪ್ರಶ್ನೆಯಲ್ಲ. ವಿಜಯನಗರ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ಸಣ್ಣ ಅಣೆಕಟ್ಟು ಕಟ್ಟಿ, ಒಂದೊಂದರಿಂದ ಕಾಲುವೆ ತೆಗೆದಿದ್ದರು. ಹಂಪಿಯ ಗದ್ದೆಗಳಿಗೆ ನೀರುಣಿಸುವ ತುರ್ತು ಕಾಲುವೆ ಅವುಗಳಲ್ಲೊಂದು. ಇಪ್ಪತ್ತನೆಯ ಶತಮಾನದ ತುಂಗಭದ್ರಾ ಜಲಾಶಯ ಇವನ್ನು ಮೀರಿಸುವಷ್ಟು ನೆಲಕ್ಕೆ ನೀರು ಕೊಟ್ಟಿತು, ನಿಜ; ಆದರೆ 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾದಾಗ ಇಡೀ ಅಚ್ಚುಕಟ್ಟೇ ಕಂಗಾಲಾಯಿತು. ಹಾಗೆಂದು ಸಣ್ಣ ಕಾಲುವೆಗಳು ತಾವಾಗಿಯೇ ಹರಿಯುವುದಿಲ್ಲ; ಹೂಳೆತ್ತಲು ಊರಿನವರು ಬೇಕು. ವಿಕೇಂದ್ರೀಕರಣ ಹೊಣೆಯನ್ನು ಇಳಿಸುವುದಿಲ್ಲ, ಹಂಚುತ್ತದೆ.

ಸರ್ವರ್‌ನ ಬಾಡಿಗೆ ಕಟ್ಟುವುದು, ನಿಂದನೆಯ ಪೋಸ್ಟುಗಳನ್ನು ತೆಗೆಯುವುದು, ದೂರು ಬಂದಾಗ ಕಾನೂನಿಗೆ ಉತ್ತರಿಸುವುದು ಬಿಡುವಿನ ವೇಳೆಯ ಕೆಲಸಗಳಲ್ಲ. ಜರ್ಮನಿಯ ಒಕ್ಕೂಟ ಸರ್ಕಾರದ ಕಚೇರಿಗಳಿಗೆ ಅಲ್ಲಿನ ದತ್ತಾಂಶ ಸಂರಕ್ಷಣಾ ಆಯುಕ್ತರ ಕಚೇರಿಯೇ ಮ್ಯಾಸ್ಟೊಡಾನ್ ಸರ್ವರ್ ಒದಗಿಸಿತು. ಐರೋಪ್ಯ ಒಕ್ಕೂಟ 2022ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಇಂಥದೇ ಸರ್ವರ್ 'ಇಯು ವಾಯ್ಸ್' ಮಾತ್ರ 2024ರಲ್ಲಿ ಮುಚ್ಚಿತು. ಸಾರ್ವಜನಿಕ ಸಂಸ್ಥೆ ಕೈಹಾಕಿದರೆ ಸಾಲದು, ಕೈಬಿಡದ ವ್ಯವಸ್ಥೆಯೂ ಬೇಕು.

ಸಮಾರೋಪ

'ಕೂ'ನಲ್ಲಿ ಭಾಷೆ ನಮ್ಮದಾಗಿತ್ತು, ಸರ್ವರ್ ನಮ್ಮದಾಗಿರಲಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಚಿತ್ತವಾಡ್ಗಿಗೆ ಕೂಗಳತೆಯಲ್ಲಿಲ್ಲದಿದ್ದರೂ ದೂರವೇನಲ್ಲ. ಕನ್ನಡದ ಹಸ್ತಪ್ರತಿ, ಶಾಸನ, ಜಾನಪದಗಳನ್ನು ಅಧ್ಯಯನದ ವಸ್ತುವಾಗಿಸಿಕೊಂಡ ಈ ಸಂಸ್ಥೆ ಇಂದಿನ ಕನ್ನಡದ ಮಾತುಕತೆಗೂ ಒಂದು ಸರ್ವರ್ ನಡೆಸಬೇಕು. ಅದರ ಖರ್ಚಿಗೆ ಸರ್ಕಾರ ಪ್ರತಿವರ್ಷದ ಬಜೆಟ್‌ನಲ್ಲೇ ಹಣ ತೆಗೆದಿಡಬೇಕು.